ನಿಮ್ಮ ಬ್ರ್ಯಾಂಡ್ ಹೇಗೆ ಮಾತಾಡುತ್ತದೆ? ಸೋಶಿಯಲ್ ಮೀಡಿಯಾದಲ್ಲಿ ಬ್ರ್ಯಾಂಡ್‌ಗೆ ವ್ಯಕ್ತಿತ್ವ ಕಟ್ಟುವ ಕೆಲಸ, ಹಂತ ಹಂತವಾಗಿ

2008ರ ಮೇ 25ರಂದು ನಾಸಾದ ಫೀನಿಕ್ಸ್ ನೌಕೆ ಮಂಗಳ ಗ್ರಹದ ಉತ್ತರ ಧ್ರುವದ ಕಡೆ ಇಳಿಯಿತು. ಟ್ವಿಟರ್ ಆಗಿನ್ನೂ ಹೊಸದು. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಸುದ್ದಿ ವಿಭಾಗ ನೋಡಿಕೊಳ್ಳುತ್ತಿದ್ದ ವೆರೋನಿಕಾ ಮೆಕ್‌ಗ್ರೆಗರ್ ಆ ನೌಕೆಗೊಂದು ಖಾತೆ ತೆರೆದು, ನೌಕೆಯೇ ಮಾತಾಡುತ್ತಿದೆ ಎಂಬಂತೆ ‘ನಾನು’ ಎಂದು ಬರೆಯತೊಡಗಿದರು. ಒಂದು ಟ್ವೀಟ್‌ಗೆ ಇದ್ದದ್ದು 140 ಅಕ್ಷರ. ನೌಕೆಯ ಹೆಸರು ಬರೆಯುವ ಬದಲು ‘ನಾನು’ ಎಂದರೆ ಜಾಗ ಉಳಿಯುತ್ತಿತ್ತು. ಅಷ್ಟರಿಂದಲೇ ಜನ ಆ ಯಂತ್ರವನ್ನು ಪರಿಚಯದವರನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು, ಪ್ರಶ್ನೆ ಕೇಳಿದರು, ಉತ್ತರ ಪಡೆದರು. ಜೂನ್‌ನಲ್ಲಿ ನೆಲದಡಿ ಮಂಜುಗಡ್ಡೆ ಸಿಕ್ಕ ಸುದ್ದಿ ಅದೇ ಖಾತೆಯಲ್ಲಿ, ಖುಷಿಗೆ ಕುಣಿಯುವ ಮಗುವಿನ ದನಿಯಲ್ಲಿ ಬಂತು. ನವೆಂಬರ್‌ನಲ್ಲಿ ಬಿಸಿಲು ಸಾಲದೆ ನೌಕೆ ಸುಮ್ಮನಾದಾಗ ಎಷ್ಟೋ ಮಂದಿ ಅದಕ್ಕೆ ಬೀಳ್ಕೊಡುಗೆಯ ಮಾತು ಬರೆದರು.

ಬ್ರ್ಯಾಂಡ್ ಕಟ್ಟಲು ಹೊರಟ ಯಾರು ಸಿಕ್ಕರೂ ನಾನು ಮೊದಲು ಹೇಳುವ ಕತೆ ಇದು. ಅಲ್ಲಿ ಮಿರುಗುವ ವಿಡಿಯೊ ಇರಲಿಲ್ಲ, ಬಣ್ಣದ ಟೆಂಪ್ಲೇಟ್ ಇರಲಿಲ್ಲ. ಒಂದು ದನಿ ಇತ್ತು, ಕೇಳಿದವರಿಗೆ ಆ ದನಿ ಉತ್ತರ ಕೊಡುತ್ತಿತ್ತು. ಹಲವು ಬ್ರ್ಯಾಂಡ್‌ಗಳ ಪುಟ ನೋಡಿಕೊಂಡ ಮೇಲೆ ನನಗೆ ಗಟ್ಟಿಯಾಗಿರುವ ನಂಬಿಕೆಯೂ ಇಷ್ಟೇ: ಬ್ರ್ಯಾಂಡ್‌ನ ವ್ಯಕ್ತಿತ್ವವನ್ನು ಜನ ಓದುವುದು ಕಮೆಂಟ್‌ಗೆ ಕೊಟ್ಟ ಉತ್ತರದಲ್ಲಿ. ಪೋಸ್ಟ್ ನೋಡಿ ಒಳಗೆ ಬರುತ್ತಾರೆ, ಉತ್ತರ ಓದಿ ‘ಇವರು ಇಂಥವರು’ ಎಂದು ತೀರ್ಮಾನಿಸುತ್ತಾರೆ. ಆದರೆ ಹೆಚ್ಚಿನವರು ದುಡ್ಡು, ಸಮಯ, ತಲೆ ಎಲ್ಲವನ್ನೂ ಪೋಸ್ಟ್‌ಗೆ ಸುರಿದು ಉತ್ತರವನ್ನು ಬಿಡುವಿದ್ದವರ ಕೈಗೆ ಬಿಡುತ್ತಾರೆ. ಈ ಲೇಖನದ ಹಂತಗಳೆಲ್ಲ ಆ ಉತ್ತರದ ಕಡೆಗೇ ಸಾಗುತ್ತವೆ.

ಮೊದಲು, ವ್ಯಕ್ತಿತ್ವ ಎಂದರೆ ಏನು

1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನೆ ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು ಒಂದು ಪುಟ್ಟ ಚಿತ್ರ ತೋರಿಸಿದರು. ಅದರಲ್ಲಿದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಆಯತ; ಅವು ಅತ್ತಿತ್ತ ಓಡಾಡುತ್ತವೆ, ಅಷ್ಟೆ. ಏನು ಕಂಡಿರಿ ಎಂದು ಕೇಳಿದಾಗ, ಮೊದಲ ಗುಂಪಿನ 34 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಜೀವ ಇರುವವರ ಕತೆ ಹೇಳಿದರು: ದೊಡ್ಡ ತ್ರಿಕೋನ ಜಗಳಗಂಟ, ವೃತ್ತಕ್ಕೆ ಭಯ, ಹೀಗೆ. ಗೆರೆಗಳಿಗೇ ಗುಣ ಹಚ್ಚುವ ಮನುಷ್ಯ, ದಿನಾ ತನ್ನ ಫೋನಿನಲ್ಲಿ ಕಾಣುವ ಬ್ರ್ಯಾಂಡ್‌ಗೆ ಹಚ್ಚದೆ ಇರುತ್ತಾನೆಯೇ? ನೀವು ವ್ಯಕ್ತಿತ್ವ ಕಟ್ಟದಿದ್ದರೂ ಜನ ಒಂದನ್ನು ಕಟ್ಟಿಕೊಳ್ಳುತ್ತಾರೆ. ಮೂರು ದಿನವಾದರೂ ಉತ್ತರ ಬರದ ಪುಟಕ್ಕೆ ‘ಜಂಭದವರು’ ಎಂಬ ಹೆಸರು ತಾನಾಗಿ ಬರುತ್ತದೆ.

ಮಾರ್ಕೆಟಿಂಗ್‌ನವರು ಇದನ್ನು ಅಳೆಯಲು ನೋಡಿದ್ದಾರೆ. 1997ರಲ್ಲಿ ಜೆನಿಫರ್ ಆಕರ್ ಎಂಬ ಸಂಶೋಧಕಿ, ಅಮೆರಿಕದ ಜನ ಬ್ರ್ಯಾಂಡ್‌ಗಳಿಗೆ ಹಚ್ಚುವ 42 ಗುಣಗಳನ್ನು ಐದು ಗುಂಪಾಗಿ ಜೋಡಿಸಿದರು: ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಗಟ್ಟಿತನ. ಈ ಐದನ್ನೇ ಮಂತ್ರದಂತೆ ಜಪಿಸುವವರು ಮುಂದಿನದನ್ನು ಹೇಳುವುದಿಲ್ಲ. ಆಕರ್ ಅವರೇ ಇತರರ ಜೊತೆ ಸೇರಿ ಆಮೇಲೆ ಜಪಾನಿನಲ್ಲಿ ನೋಡಿದಾಗ ಗಟ್ಟಿತನದ ಜಾಗದಲ್ಲಿ ಶಾಂತತೆ ಬಂತು. ಸ್ಪೇನಿನಲ್ಲಿ ಭಾವೋತ್ಕಟತೆ ಬಂತು. ಯಾವ ಗುಣ ಮುಖ್ಯ ಎಂಬುದು ನೀವು ಯಾರ ಜೊತೆ ಮಾತಾಡುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಪಟ್ಟಿಯನ್ನು ಶುರು ಮಾಡಲು ಮಾತ್ರ ಇಟ್ಟುಕೊಳ್ಳಿ.

ಹಂತ 1: ಇರುವ ಮಾತನ್ನು ಒಟ್ಟುಮಾಡಿ

ವ್ಯಕ್ತಿತ್ವವನ್ನು ಖಾಲಿ ಹಾಳೆಯ ಮುಂದೆ ಕೂತು ಹೊಸದಾಗಿ ಹುಟ್ಟಿಸಲು ಹೋಗಬೇಡಿ. ಅದು ಆಗಲೇ ಅಲ್ಲಲ್ಲಿ ಚೆಲ್ಲಿಕೊಂಡಿರುತ್ತದೆ. ಹಿಂದೆ ಗ್ರಾಹಕರಿಗೆ ಕಳಿಸಿದ ಐವತ್ತು ಮೆಸೇಜ್ ತೆಗೆಯಿರಿ: ವಾಟ್ಸ್ಯಾಪ್, ಇನ್‌ಬಾಕ್ಸ್, ಮೇಲ್, ಎಲ್ಲಿದ್ದರೂ ಸರಿ. ಅವಸರದಲ್ಲಿ, ಯಾರೂ ತಿದ್ದದೆ ಬರೆದವೇ ಬೇಕು. ನಿಮ್ಮ ನಿಜವಾದ ದನಿ ಅಲ್ಲಿರುತ್ತದೆ. ಫೋನಿನಲ್ಲಿ ಗ್ರಾಹಕರ ಜೊತೆ ನಗುತ್ತ, ಸಲೀಸಾಗಿ ಮಾತಾಡುವ ಎಷ್ಟೋ ಮಂದಿ, ಪುಟದಲ್ಲಿ ಬರೆಯಲು ಕೂತ ಕೂಡಲೇ ಸುತ್ತೋಲೆ ಹೊರಡಿಸುವ ಅಧಿಕಾರಿಯಾಗುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ಹಾಳೆಯಲ್ಲಿ ಜನ ನಿಮ್ಮ ಬಗ್ಗೆ ಆಡಿದ ಮಾತು ಬರೆದುಕೊಳ್ಳಿ. ರಿವ್ಯೂ, ಕಮೆಂಟ್, ದೂರು, ಶಿಫಾರಸು, ಅವರು ಬಳಸಿದ ಪದಗಳಲ್ಲೇ. ‘ಗುಣಮಟ್ಟಕ್ಕೆ ಮೆಚ್ಚುಗೆ’ ಎಂದು ಸಾರಾಂಶ ಮಾಡಬೇಡಿ. ಅವರು ‘ಎಳೆದಾಡಿದ್ರೂ ಏನೂ ಆಗಲ್ಲ’ ಎಂದಿದ್ದರೆ ಹಾಗೇ ಬರೆಯಿರಿ.

ಈ ಕೇಳಿಸಿಕೊಳ್ಳುವ ಕೆಲಸಕ್ಕೆ ಡ್ಯುಯೊಲಿಂಗೊಗಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. ಭಾಷೆ ಕಲಿಸುವ ಆ ಆ್ಯಪ್‌ನ ಹಸಿರು ಗೂಬೆ ‘ಇವತ್ತು ಅಭ್ಯಾಸ ಮಾಡಿಲ್ಲ’ ಎಂದು ನೋಟಿಫಿಕೇಶನ್ ಕಳಿಸಿ ಕಳಿಸಿ ಕಾಡುತ್ತಿತ್ತು. ಬಳಕೆದಾರರು ಅದನ್ನೇ ಹಿಡಿದು ಮೀಮ್ ಮಾಡಿದರು: ಪಾಠ ತಪ್ಪಿಸಿದರೆ ಬೆನ್ನಟ್ಟಿ ಬರುವ ಗೂಬೆ. ಕಂಪನಿ ಮುನಿಸಿಕೊಳ್ಳಲಿಲ್ಲ. 2021ರಿಂದ ಟಿಕ್‌ಟಾಕ್‌ನಲ್ಲಿ ಆ ತುಂಟ, ಹಟಮಾರಿ ಗೂಬೆಯನ್ನೇ ಮುಂದೆ ನಿಲ್ಲಿಸಿತು. ಆ ಗುಣವನ್ನು ಕಂಡುಹಿಡಿದದ್ದು ಜನ, ಒಪ್ಪಿಕೊಂಡದ್ದು ಬ್ರ್ಯಾಂಡ್.

ಹಂತ 2: ಮೂರು ಗುಣ, ಮೂರಕ್ಕೂ ಬೇಲಿ

ಎರಡೂ ಹಾಳೆಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಗುರುತು ಹಾಕಿ. ಅದರಿಂದ ಮೂರು ಗುಣ ಆರಿಸಿ, ಹೆಚ್ಚು ಬೇಡ. ಆರಿಸುವಾಗ ಒಂದು ಪರೀಕ್ಷೆ: ಇದಕ್ಕೆ ತದ್ವಿರುದ್ಧ ಗುಣವನ್ನು ಯಾರಾದರೂ ಬೇಕೆಂದು ಆರಿಸುತ್ತಾರೆಯೇ? ‘ನಂಬಿಕಸ್ಥರು’ ಎಂಬುದಕ್ಕೆ ವಿರುದ್ಧವಾದದ್ದನ್ನು ಯಾರೂ ಬಯಸುವುದಿಲ್ಲ, ಹಾಗಾಗಿ ಅದು ನಿಮ್ಮನ್ನು ಯಾರಿಂದಲೂ ಬೇರೆ ಮಾಡುವುದಿಲ್ಲ. ‘ಕಡಿಮೆ ಮಾತಿನವರು’ ಎಂಬುದಕ್ಕೆ ವಿರುದ್ಧ ‘ಹರಟೆಯವರು’. ಹಾಗಿರಬೇಕೆಂದು ಬಯಸುವ ಬ್ರ್ಯಾಂಡ್ ಖಂಡಿತ ಇದೆ. ಅಂದರೆ ಅದು ನಿಜವಾದ ಆಯ್ಕೆ.

ಪ್ರತಿ ಗುಣದ ಪಕ್ಕ ಒಂದು ‘ಆದರೆ’ ಬರೆಯಿರಿ. ಬೆನ್ನಿಗೆ ಹಾಕುವ ಬ್ಯಾಗ್ ಮಾಡುವ ಒಂದು ಸಣ್ಣ ಬ್ರ್ಯಾಂಡ್ ಇದೆ ಎಂದುಕೊಳ್ಳೋಣ. ಅದರ ಹಾಳೆ ಹೀಗಿರಬಹುದು:

ನೇರ ಮಾತು, ಆದರೆ ಒರಟಲ್ಲ.
ಕೆಲಸ ಗೊತ್ತಿರುವವರು, ಆದರೆ ಪಾಠ ಮಾಡುವವರಲ್ಲ.
ನಗುಮುಖ, ಆದರೆ ಗ್ರಾಹಕರ ತೊಂದರೆಯ ಮುಂದೆ ನಗೆಯಿಲ್ಲ.

ಆ ‘ಆದರೆ’ ಇಲ್ಲದಿದ್ದರೆ ಗುಣ ಎಲ್ಲೆ ಮೀರುತ್ತದೆ. 2017ರ ಆರಂಭದಲ್ಲಿ ವೆಂಡೀಸ್ ಎಂಬ ಅಮೆರಿಕದ ರೆಸ್ಟೋರೆಂಟ್ ಸರಣಿ ಟ್ವಿಟರ್‌ನಲ್ಲಿ ಕಾಲೆಳೆಯುವ ಉತ್ತರಗಳಿಂದ ಹೆಸರಾಯಿತು. ಅದನ್ನು ಕಂಡು ಲೆಕ್ಕವಿಲ್ಲದಷ್ಟು ಬ್ರ್ಯಾಂಡ್‌ಗಳು ಗ್ರಾಹಕರ ಕಾಲೆಳೆಯಲು ಹೊರಟವು. ಅವಕ್ಕೆ ಆ ಗುಣ ಒಳಗಿಂದ ಬಂದದ್ದಲ್ಲ, ಬೇಲಿಯೂ ಇರಲಿಲ್ಲ. ಬೇರೆಯವರ ಅಂಗಿ ತೊಟ್ಟವರಿಗೆ ಎಲ್ಲೋ ಒಂದು ಕಡೆ ಬಿಗಿಯುತ್ತದೆ, ನೋಡಿದವರಿಗೂ ಗೊತ್ತಾಗುತ್ತದೆ.

ಹಂತ 3: ಭಾಷೆಯನ್ನು ತೀರ್ಮಾನಿಸಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಕನ್ನಡದಲ್ಲಿ ಬರೆಯುವ ಬ್ರ್ಯಾಂಡ್‌ಗೆ ವ್ಯಕ್ತಿತ್ವ ಸಿಗುವುದೂ ಕಳೆದುಹೋಗುವುದೂ ಹೆಚ್ಚಾಗಿ ಇಲ್ಲೇ.

ಮೊದಲ ತೀರ್ಮಾನ, ‘ನಾನು’ ಅಥವಾ ‘ನಾವು’. ಒಬ್ಬರೇ ನಡೆಸುತ್ತಿದ್ದರೆ ಧೈರ್ಯವಾಗಿ ‘ನಾನು’ ಎನ್ನಿ. ಒಬ್ಬರೇ ಕೂತು ‘ನಮ್ಮ ತಂಡವು’ ಎಂದು ಬರೆದರೆ ದೊಡ್ಡವರಾಗಿ ಕಾಣುವುದಿಲ್ಲ, ದೂರದವರಾಗಿ ಕಾಣುತ್ತೀರಿ.

ಎರಡನೆಯದು, ಗ್ರಾಹಕರನ್ನು ಏನೆಂದು ಕರೆಯುತ್ತೀರಿ. ‘ನೀವು’ ಎಲ್ಲರಿಗೂ ಸಲ್ಲುತ್ತದೆ. ‘ತಾವು’ ಎಂದರೆ ಬಿಗುಮಾನ ಬರುತ್ತದೆ. ನಿಮ್ಮ ಗುಣ ಅದೇ ಆಗಿದ್ದರೆ ಬಳಸಿ. ‘ಗುರು’, ‘ಬಾಸ್’, ‘ಅಣ್ಣ’, ‘ಅಕ್ಕ’ ಎಲ್ಲವೂ ಸಲುಗೆಯ ಮಾತು, ಸಲುಗೆ ಸಂಪಾದಿಸಿದ ಮೇಲೆ ಚೆಂದ. ಪರಿಚಯವೇ ಇಲ್ಲದವರಿಗೆ, ಅದೂ ಸಿಟ್ಟಿನಲ್ಲಿರುವವರಿಗೆ ‘ಗುರು’ ಎಂದರೆ ಹೆಗಲ ಮೇಲೆ ಕೈ ಹಾಕಿದ ಹಾಗೆ ಆಗುತ್ತದೆ. ಹೆಸರು ಕಾಣುತ್ತಿದ್ದರೆ ಹೆಸರಿಗೆ ‘ಅವರೇ’ ಸೇರಿಸಿ ಕರೆಯುವುದು ನನ್ನ ಅನುಭವದಲ್ಲಿ ಎಲ್ಲಿಯೂ ಕೆಟ್ಟಿಲ್ಲ.

ಮೂರನೆಯದು, ಬರಹದ ರೂಪವೋ ಆಡುಮಾತೋ. ‘ಕಳುಹಿಸುತ್ತೇವೆ’ ಎಂದು ಬರೆಯಬಹುದು, ‘ಕಳಿಸ್ತೀವಿ’ ಎಂದೂ ಬರೆಯಬಹುದು. ಎರಡರಲ್ಲೂ ವ್ಯಕ್ತಿತ್ವ ಕಟ್ಟಬಹುದು. ಕೆಡುವುದು ಬೆರೆಸಿದಾಗ: ‘ತಾವು ದಯವಿಟ್ಟು ಈ ಲಿಂಕ್ ಒತ್ತಿಬಿಡಿ, ಸಖತ್ತಾಗಿದೆ’. ಇಂಥ ವಾಕ್ಯದಲ್ಲಿ ಇಬ್ಬರು ಮಾತಾಡುತ್ತಿದ್ದಾರೆ, ಯಾರೆಂದು ಓದುಗರಿಗೆ ತಿಳಿಯದು. ಪೋಸ್ಟ್‌ನಲ್ಲಿ ಬರಹದ ರೂಪ, ಕಮೆಂಟ್‌ನಲ್ಲಿ ಆಡುಮಾತು ಎಂದು ಹಂಚಿಕೊಂಡರೆ ತಪ್ಪಿಲ್ಲ. ಅದನ್ನು ಹಾಳೆಯಲ್ಲಿ ಬರೆದಿಡಿ.

ನಾಲ್ಕನೆಯದು ನನಗೆ ತುಂಬ ಬೇಸರ ತರಿಸುವ ವಿಷಯ: ‘ಲಾಗುವುದು’. ‘ಪರಿಶೀಲಿಸಲಾಗುವುದು’, ‘ಗಮನಕ್ಕೆ ತರಲಾಗಿದೆ’, ‘ಸಹಕರಿಸಲು ಕೋರಲಾಗಿದೆ’. ಈ ವಾಕ್ಯಗಳಲ್ಲಿ ಕೆಲಸ ಇದೆ, ಮಾಡುವವರು ಇಲ್ಲ. ಮಾಡುವವರೇ ಇಲ್ಲದ ಕಡೆ ವ್ಯಕ್ತಿತ್ವ ಎಲ್ಲಿಂದ ಬರಬೇಕು? ‘ನೋಡುತ್ತೇವೆ’, ‘ಹೇಳಿದ್ದೇವೆ’, ‘ನಾಳೆ ಹೊತ್ತಿಗೆ ತಿಳಿಸುತ್ತೇನೆ’ ಎಂದ ಕೂಡಲೇ ಒಬ್ಬ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾನೆ.

ಐದನೆಯದು ಅನುವಾದದ ಕನ್ನಡ. ‘ನಿಮ್ಮ ಪಯಣದ ಭಾಗವಾಗಲು ನಾವು ಉತ್ಸುಕರಾಗಿದ್ದೇವೆ’ ಎಂದು ಯಾರಾದರೂ ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದೀರಾ? ಬರೆದದ್ದನ್ನು ಗಟ್ಟಿಯಾಗಿ ಓದಿ. ಗೆಳೆಯರ ಎದುರು ಹಾಗೆ ಹೇಳಲು ನಾಚಿಕೆಯಾದರೆ ಬರೆಯಲೂಬೇಡಿ. ಇಂಗ್ಲಿಷ್ ಪದಗಳ ವಿಷಯದಲ್ಲಿ ಮಡಿ ಬೇಡ; ಆರ್ಡರ್, ಜಿಪ್, ಲಿಂಕ್ ಎಂದು ಜನ ಹೇಳುವುದನ್ನೇ ಬರೆಯಿರಿ. ತೊಂದರೆ ಪದದಲ್ಲಿಲ್ಲ, ವಾಕ್ಯದ ಹೆಣಿಗೆಯಲ್ಲಿದೆ.

ಹಂತ 4: ಮುಖ

ಇದಕ್ಕೆ ಒಂದು ಮಧ್ಯಾಹ್ನ ಸಾಕು, ಒಂದು ತಿಂಗಳು ಬೇಡ. ಎಲ್ಲ ಕಡೆ ಒಂದೇ ಹೆಸರು, ಒಂದೇ ಪ್ರೊಫೈಲ್ ಚಿತ್ರ, ಎರಡು ಬಣ್ಣ, ಒಂದು ಅಕ್ಷರಶೈಲಿ. ಪ್ರೊಫೈಲ್ ಚಿತ್ರವನ್ನು ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಕಮೆಂಟ್‌ನಲ್ಲಿ ಅದು ಕಾಣುವುದೇ ಅಷ್ಟು. ಇನ್‌ಸ್ಟಾಗ್ರಾಮ್‌ನಲ್ಲಿ ಬಯೋಗೆ ಸಿಗುವುದು 150 ಅಕ್ಷರ. ಕನ್ನಡದಲ್ಲಿ ಗುಣಿತ, ಒತ್ತಕ್ಷರಗಳೂ ಲೆಕ್ಕಕ್ಕೆ ಬರುವುದರಿಂದ ಕಣ್ಣಿಗೆ ಕಾಣುವುದಕ್ಕಿಂತ ಬೇಗ ಮುಗಿದುಹೋಗುತ್ತದೆ. ‘ಗುಣಮಟ್ಟದ ಬ್ಯಾಗ್‌ಗಳಿಗೆ ವಿಶ್ವಾಸಾರ್ಹ ಹೆಸರು’ ಎಂಬುದಕ್ಕೆ ಅದನ್ನು ಖರ್ಚು ಮಾಡುವ ಬದಲು ‘ಬ್ಯಾಗ್ ಹೊಲಿಯುತ್ತೇವೆ. ಹರಿದರೆ ನಾವೇ ಹೊಲಿದು ಕೊಡುತ್ತೇವೆ.’ ಎನ್ನಿ. ಏನು ಮಾಡುತ್ತೀರಿ ಎಂಬುದೂ ಗೊತ್ತಾಯಿತು, ಎಂಥವರು ಎಂಬುದೂ ಗೊತ್ತಾಯಿತು.

ಹಂತ 5: ಎಲ್ಲಿ ಇರಬೇಕು

ಎರಡು ಕಡೆ ಸಾಕು. ಐದು ಕಡೆ ಖಾತೆ ತೆರೆದು ಐದರಲ್ಲೂ ಒಂದೇ ಪೋಸ್ಟ್ ಅಂಟಿಸಿ ಕಮೆಂಟ್ ಕಡೆ ತಿರುಗಿ ನೋಡದಿರುವುದಕ್ಕಿಂತ, ಎರಡು ಕಡೆ ಇದ್ದು ಎಲ್ಲರಿಗೂ ಉತ್ತರ ಕೊಡುವುದು ಮೇಲು. ಯಾವ ಎರಡು ಎಂಬುದಕ್ಕೆ ಲೆಕ್ಕ ಸರಳ: ನಿಮ್ಮ ಗ್ರಾಹಕರು ಈಗಾಗಲೇ ಎಲ್ಲಿ ಪ್ರಶ್ನೆ ಕೇಳುತ್ತಿದ್ದಾರೋ ಅಲ್ಲಿ.

ಜಾಗ ಬದಲಾದಾಗ ವ್ಯಕ್ತಿತ್ವ ಬದಲಾಗಬಾರದು, ದನಿಯ ಏರಿಳಿತ ಬದಲಾಗಬಹುದು. ಒಬ್ಬರೇ ಮನುಷ್ಯ ಗೆಳೆಯರ ಜೊತೆ ಒಂದು ರೀತಿ, ಸಭೆಯಲ್ಲಿ ಒಂದು ರೀತಿ ಮಾತಾಡುತ್ತಾರೆ; ಎರಡೂ ಕಡೆ ಅವರೇ. ಅದೇ ಬ್ಯಾಗ್ ಬ್ರ್ಯಾಂಡ್ ಲಿಂಕ್ಡ್‌ಇನ್‌ನಲ್ಲಿ ಹೊಲಿಗೆಯವರಿಗೆ ತರಬೇತಿ ಕೊಟ್ಟ ಬಗೆಯನ್ನು ಬರೆಯಬಹುದು, ರೀಲ್‌ನಲ್ಲಿ ಬ್ಯಾಗ್‌ಗೆ ಇಟ್ಟಿಗೆ ತುಂಬಿ ಪಟ್ಟಿ ಕಿತ್ತುಬರುತ್ತದೆಯೇ ಎಂದು ತೋರಿಸಬಹುದು. ಎರಡರಲ್ಲೂ ‘ಕೆಲಸ ಗೊತ್ತಿರುವವರು’ ಎಂಬ ಗುಣ ಹಾಗೇ ಇದೆ.

ಹಂತ 6: ಏನು ಹಾಕಬೇಕು

ಗುಣವನ್ನು ಹೇಳಿಕೊಳ್ಳಬೇಡಿ, ಅದು ಕಾಣುವ ಕೆಲಸವನ್ನು ತೋರಿಸಿ. 2012ರ ಅಕ್ಟೋಬರ್ 14ರಂದು ಫೆಲಿಕ್ಸ್ ಬೌಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಜಿಗಿದರು. ರೆಡ್ ಬುಲ್ ಅದನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. 80 ಲಕ್ಷದಷ್ಟು ಮಂದಿ ಏಕಕಾಲಕ್ಕೆ ನೋಡುತ್ತಿದ್ದರು. ‘ನಾವು ಸಾಹಸಿಗಳು’ ಎಂದು ಯಾರೂ ಬರೆದು ತೋರಿಸಬೇಕಾಗಲಿಲ್ಲ. ನಿಮ್ಮ ಬಳಿ ಆ ದುಡ್ಡು ಇರಬೇಕಿಲ್ಲ. ದಾರ ಬದಲಿಸಿದ್ದಕ್ಕೆ ಕಾರಣ, ತಿರಸ್ಕರಿಸಿದ ಮೂರು ಮಾದರಿ, ಹಿಂದಿರುಗಿ ಬಂದ ಬ್ಯಾಗ್ ಬಿಚ್ಚಿ ನೋಡಿದಾಗ ಕಂಡದ್ದು: ಇವೆಲ್ಲ ಪೋಸ್ಟ್‌ಗಳೇ. ವಿಷಯವಿಲ್ಲ ಎಂದು ಕೊರಗುವವರ ಬಳಿ ಇಂಥದ್ದು ರಾಶಿ ಬಿದ್ದಿರುತ್ತದೆ. ಅವರಿಗೆ ಅದು ದಿನದ ಕೆಲಸ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ಒಂದೆರಡು ಸರಣಿ ಇಟ್ಟುಕೊಳ್ಳಿ, ಅದೇ ದಿನ, ಅದೇ ಹೆಸರಿನಲ್ಲಿ ಬರಲಿ. ಮತ್ತೆ ಮತ್ತೆ ಕಂಡದ್ದನ್ನು ಮನಸ್ಸು ಹಚ್ಚಿಕೊಳ್ಳುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಯಾನ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಿಮಗೆ ಬೇಸರ ಬರುವ ಹೊತ್ತಿಗೆ ಓದುಗರಿಗೆ ಈಗಷ್ಟೇ ಗುರುತು ಹತ್ತಿರುತ್ತದೆ. ಆಗ ಬದಲಿಸಬೇಡಿ.

ಹಂತ 7: ಉತ್ತರ

ಈಗ ಮುಖ್ಯ ವಿಷಯಕ್ಕೆ ಬಂದೆವು. ಬ್ಯಾಗ್ ಬ್ರ್ಯಾಂಡ್‌ನ ಪುಟದಲ್ಲಿ ಒಬ್ಬರು ಬರೆಯುತ್ತಾರೆ:

‘ತಗೊಂಡು ಎರಡು ತಿಂಗಳೂ ಆಗಿಲ್ಲ, ಜಿಪ್ ಕಿತ್ತು ಬಂತು. ದುಡ್ಡು ದಂಡ.’

ಸಾಮಾನ್ಯವಾಗಿ ಕಾಣುವ ಉತ್ತರ:

‘ಪ್ರಿಯ ಗ್ರಾಹಕರೇ, ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ನಿಮ್ಮ ದೂರನ್ನು ಸಂಬಂಧಪಟ್ಟ ವಿಭಾಗದ ಗಮನಕ್ಕೆ ತರಲಾಗಿದೆ.’

ಇದರಲ್ಲಿ ಜಿಪ್ ಎಂಬ ಪದವೇ ಇಲ್ಲ. ದೂರು ಓದಿದ್ದಾರೆ ಎಂಬುದಕ್ಕೆ ಗುರುತಿಲ್ಲ. ಇದೇ ಉತ್ತರವನ್ನು ಯಾರ ದೂರಿಗಾದರೂ ಅಂಟಿಸಬಹುದು.

ತಮಾಷೆಯ ಬ್ರ್ಯಾಂಡ್ ಆಗಬೇಕೆಂದು ಹೊರಟವರ ಉತ್ತರ:

‘ಅಯ್ಯೋ, ಜಿಪ್‌ಗೂ ರಜೆ ಬೇಕಾಯ್ತೇನೋ! ಇನ್‌ಬಾಕ್ಸ್‌ಗೆ ಬನ್ನಿ.’

ದುಡ್ಡು ಕಳೆದುಕೊಂಡವರ ಎದುರು ನಕ್ಕ ಹಾಗಾಯಿತು. ಇನ್ನು ಮೂರು ಗುಣದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಬರೆದದ್ದು:

‘ಎರಡು ತಿಂಗಳಿಗೆ ಜಿಪ್ ಹೋಗಬಾರದಿತ್ತು, ತಪ್ಪು ನಮ್ಮದೇ. ಆರ್ಡರ್ ನಂಬರ್ ಇನ್‌ಬಾಕ್ಸ್ ಮಾಡಿ. ಜಿಪ್ ಹಾಕಿಸಿ ಕೊಡೋದಾ, ಬೇರೆ ಬ್ಯಾಗ್ ಕಳಿಸೋದಾ, ನೀವು ಹೇಳಿದ ಹಾಗೆ. ಕಿತ್ತ ಜಾಗದ ಫೋಟೊ ಇದ್ರೆ ಅದನ್ನೂ ಕಳಿಸಿ, ಹೊಲಿಗೆಯಲ್ಲಿ ಎಲ್ಲಿ ಎಡವಿದ್ವಿ ಅಂತ ನೋಡ್ಬೇಕು.’

ಮೊದಲ ವಾಕ್ಯದಲ್ಲೇ ತಪ್ಪು ಒಪ್ಪಿಕೊಂಡಾಯಿತು, ‘ವಿಷಾದ’ದ ಸುತ್ತು ಬಳಸಲಿಲ್ಲ, ಅದು ನೇರ ಮಾತು. ಮುಂದೇನು ಎಂಬ ತೀರ್ಮಾನವನ್ನು ಗ್ರಾಹಕರ ಕೈಗೆ ಕೊಟ್ಟಾಯಿತು. ಕೊನೆಯ ವಾಕ್ಯವನ್ನು ನೋಡಿ: ಕೆಲಸ ಗೊತ್ತಿರುವವರು, ಹೊಲಿಗೆಯ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳುವವರು ಮಾತ್ರ ಅದನ್ನು ಬರೆಯುತ್ತಾರೆ. ಇದನ್ನು ಓದುವವರು ದೂರು ಕೊಟ್ಟವರೊಬ್ಬರೇ ಅಲ್ಲ. ಕೊಳ್ಳಲೋ ಬೇಡವೋ ಎಂದು ಕಮೆಂಟ್ ಕೆದಕುತ್ತಿರುವ ಮತ್ತೊಬ್ಬರು ಮೌನವಾಗಿ ಓದುತ್ತಿದ್ದಾರೆ.

ಒಂದು ವಾರ ಬಿಟ್ಟು ಅದೇ ಕಮೆಂಟ್‌ನ ಕೆಳಗೆ ‘ಬ್ಯಾಗ್ ಕೈ ಸೇರಿತಾ? ಜಿಪ್ ಸಲೀಸಾಗಿ ಓಡ್ತಿದೆಯಾ?’ ಎಂದು ಕೇಳಿ. ಯಾರೂ ಮಾಡದ ಕೆಲಸ ಇದು, ಅದಕ್ಕೇ ನೆನಪಿನಲ್ಲಿ ಉಳಿಯುತ್ತದೆ.

ಹೊಗಳಿಕೆಗೂ ಉತ್ತರ ಬೇಕು, ಬರಿಯ ಹೃದಯದ ಚಿಹ್ನೆ ಸಾಲದು. ‘ಚೆನ್ನಾಗಿದೆ’ ಎಂದವರಿಗೆ ಒಂದು ಪ್ರಶ್ನೆ ಕೇಳಿ: ಏನು ತುಂಬ್ಕೊಂಡು ಓಡಾಡ್ತೀರಿ, ಲ್ಯಾಪ್‌ಟಾಪ್ ಜಾಗ ಸಾಕಾಗುತ್ತಾ? ಅವರ ಉತ್ತರ ಮುಂದಿನ ಪೋಸ್ಟ್‌ಗೆ ವಿಷಯವಾಗಬಹುದು.

ದೊಡ್ಡ ತಪ್ಪಾದಾಗಲೂ ದನಿ ಬಿಡಬೇಕಿಲ್ಲ. 2018ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೆಎಫ್‌ಸಿಗೆ ಸರಬರಾಜು ವ್ಯವಸ್ಥೆ ಕೈಕೊಟ್ಟು ನೂರಾರು ಮಳಿಗೆ ಮುಚ್ಚಿದವು. ಅವರು ಪತ್ರಿಕೆಗಳಲ್ಲಿ ಕೊಟ್ಟ ಕ್ಷಮೆಯಾಚನೆಯಲ್ಲಿ ತಮ್ಮದೇ ಹೆಸರಿನ ಮೂರು ಅಕ್ಷರಗಳನ್ನು ಹಿಂದುಮುಂದು ಮಾಡಿ, ಬೈಗುಳದ ಹಾಗೆ ಓದಿಕೊಳ್ಳುವಂತೆ ಛಾಪಿಸಿದರು. ಅದರ ಚಿತ್ರ ಜಾಲತಾಣಗಳಲ್ಲೆಲ್ಲ ಓಡಾಡಿತು. ಆ ಚಿತ್ರವನ್ನು ನೆನಪಿಟ್ಟುಕೊಂಡವರು ಅದರ ಕೆಳಗಿದ್ದ ಬರಹವನ್ನು ಮರೆಯುತ್ತಾರೆ. ಅಲ್ಲಿ ನೇರವಾದ ಕ್ಷಮೆ ಇತ್ತು, ಸಿಬ್ಬಂದಿಗೆ ಕೃತಜ್ಞತೆ ಇತ್ತು. ನಗು ತಮ್ಮ ಮೇಲಿತ್ತು, ಗ್ರಾಹಕರ ಮೇಲಿರಲಿಲ್ಲ.

ಹಂತ 8: ಟ್ರೆಂಡ್ ಬಂದಾಗ

2013ರ ಫೆಬ್ರವರಿ 3ರಂದು ಅಮೆರಿಕದ ಸೂಪರ್ ಬೌಲ್ ಪಂದ್ಯದ ನಡುವೆ 34 ನಿಮಿಷ ಕರೆಂಟ್ ಹೋಯಿತು. ಕತ್ತಲಲ್ಲೂ ಅದ್ದಿಕೊಂಡು ತಿನ್ನಬಹುದು ಎಂದು ಓರಿಯೊ ಬಿಸ್ಕತ್ತಿನವರು ಹಾಕಿದ ಟ್ವೀಟ್ ಆ ರಾತ್ರಿಯ ಜಾಹೀರಾತುಗಳಿಗಿಂತ ಹೆಚ್ಚು ಮಾತಾಯಿತು. ಎಲ್ಲರೂ ಅದರ ಚುರುಕನ್ನು ಹೊಗಳುತ್ತಾರೆ. ನನಗೆ ಮುಖ್ಯ ಎನಿಸುವುದು ಬೇರೆ: ಬರೆಯುವವರು, ಚಿತ್ರ ಮಾಡುವವರು, ಒಪ್ಪಿಗೆ ಕೊಡುವವರು ಆ ಹೊತ್ತಿನಲ್ಲಿ ಒಟ್ಟಿಗೆ ಕೂತಿದ್ದರು. ನಿಮ್ಮಲ್ಲಿ ಒಪ್ಪಿಗೆಗೆ ಎರಡು ದಿನ ಬೇಕಾದರೆ ಟ್ರೆಂಡ್‌ನ ಸಹವಾಸ ಬೇಡ.

ಚುರುಕು ಮುಳುವಾಗುವುದೂ ಉಂಟು. 2014ರ ಸೆಪ್ಟೆಂಬರ್‌ನಲ್ಲಿ, ಹಿಂಸೆ ಕೊಡುವ ಸಂಗಾತಿಯ ಜೊತೆ ತಾವು ಏಕೆ ಉಳಿದೆವು ಎಂದು ಹೆಣ್ಣುಮಕ್ಕಳು ಒಂದು ಹ್ಯಾಶ್‌ಟ್ಯಾಗ್ ಅಡಿ ಬರೆಯುತ್ತಿದ್ದರು. ಡಿಜೋರ್ನೊ ಎಂಬ ಪಿಜ್ಜಾ ಬ್ರ್ಯಾಂಡ್ ಅದನ್ನು ಓದದೆಯೇ ಅದರ ಮೇಲೊಂದು ಜೋಕ್ ಮಾಡಿತು. ಕೂಡಲೇ ಅಳಿಸಿದರು, ನೊಂದವರಿಗೆ ಒಬ್ಬೊಬ್ಬರಿಗೂ ಕ್ಷಮೆ ಕೇಳಿದರು. ಆದರೆ ಆಡಿದ ಮಾತು ಆಡಿಯಾಗಿತ್ತು. ಹ್ಯಾಶ್‌ಟ್ಯಾಗ್ ಒತ್ತಿ ಇಪ್ಪತ್ತು ಪೋಸ್ಟ್ ಓದದೆ ಅದಕ್ಕೆ ಕೈ ಹಾಕಬಾರದು ಎಂದು ಹಾಳೆಯಲ್ಲಿ ಬರೆದಿಡಿ.

ನನ್ನ ಕೈಯಲ್ಲೂ ಒಂದು ಸಲ ಹೀಗಾಗಿದೆ. ಒಂದು ಬ್ರ್ಯಾಂಡ್‌ನ ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟ್ ಬೆಳಗಿನಿಂದ ಕೆಟ್ಟಿತ್ತು, ದುಡ್ಡು ಕಟ್ಟಿದವರು ಗಾಬರಿಯಲ್ಲಿ ಕಮೆಂಟ್ ಮಾಡುತ್ತಿದ್ದರು. ಅಷ್ಟರಲ್ಲಿ ನಾನು ಹಿಂದಿನ ವಾರವೇ ಶೆಡ್ಯೂಲ್ ಮಾಡಿಟ್ಟಿದ್ದ ‘ಇವತ್ತು ನಿಮ್ಮ ದಿನ ಎಷ್ಟು ಚೆನ್ನಾಗಿದೆ?’ ಎಂಬ ಪೋಸ್ಟ್ ಹೊರಬಿತ್ತು. ಅದರ ಕೆಳಗೆ ಬಂದ ಮಾತುಗಳನ್ನು ಒಂದೊಂದಾಗಿ ಓದಿ ಉತ್ತರಿಸಲು ಎರಡು ದಿನ ಹಿಡಿಯಿತು. ಅಂದಿನಿಂದ, ಏನಾದರೂ ಕೆಟ್ಟಿದೆ ಎಂದು ಗೊತ್ತಾದರೆ ಮೊದಲು ಶೆಡ್ಯೂಲ್ ನಿಲ್ಲಿಸುತ್ತೇನೆ, ಆಮೇಲೆ ಉಳಿದದ್ದು.

ಹಂತ 9: ಬೇರೆಯವರ ಕೈಗೆ ಕೊಡುವಾಗ

ದಿನ ಕಳೆದ ಹಾಗೆ ಪುಟ ಇನ್ನೊಬ್ಬರ ಕೈಗೆ ಹೋಗುತ್ತದೆ. ದನಿ ಕೆಡುವುದು ಆಗ. ಇಲ್ಲಿಯವರೆಗೆ ಬರೆದದ್ದೆಲ್ಲ ಎರಡು ಪುಟದ ಹಾಳೆಯಾಗಲಿ: ಮೂರು ಗುಣ, ಅವುಗಳ ಬೇಲಿ, ಸಂಬೋಧನೆ, ಬಳಸುವ ಪದ, ಬಳಸದ ಪದ. ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಹತ್ತು ನಿಜವಾದ ಕಮೆಂಟ್ ಮತ್ತು ಅವಕ್ಕೆ ಕೊಟ್ಟ ಹತ್ತು ಒಳ್ಳೆಯ ಉತ್ತರ. ‘ಸ್ನೇಹಪರವಾಗಿ ಬರೆಯಿರಿ’ ಎಂದರೆ ಹತ್ತು ಜನ ಹತ್ತು ರೀತಿ ಬರೆಯುತ್ತಾರೆ. ಹತ್ತು ಉತ್ತರ ಓದಿದವರು ಹನ್ನೊಂದನೆಯದನ್ನು ಸರಿಯಾಗಿ ಬರೆಯುತ್ತಾರೆ. ಕರಡು ಬರೆಯಲು ಎಐ ಬಳಸುವವರಿಗೂ ಇದೇ ಮಾತು. ಹಾಳೆಯನ್ನು ಅದಕ್ಕೆ ಕೊಡಿ, ಬಂದದ್ದನ್ನು ಗಟ್ಟಿಯಾಗಿ ಓದಿ ತಿದ್ದಿ. ದೂರಿಗೆ ಕೊಡುವ ಉತ್ತರವನ್ನು ಮಾತ್ರ ಮನುಷ್ಯರೇ ಬರೆಯಲಿ.

ಹೊಸಬರಿಗೆ ಪೂರ್ತಿ ಖಾತೆ ಒಪ್ಪಿಸುವ ಮೊದಲು ಎರಡು ವಾರ ಬರಿಯ ಕಮೆಂಟ್ ನೋಡಿಕೊಳ್ಳಲು ಹೇಳಿ. ಪೋಸ್ಟ್ ಬರೆಯುವುದಕ್ಕಿಂತ ಮೊದಲು ಜನರ ಮಾತು ಕಿವಿಗೆ ಬೀಳಲಿ.

ಹಂತ 10: ದನಿ ಹತ್ತಿದೆಯೇ ಎಂದು ನೋಡುವುದು

ಫಾಲೋವರ್ ಸಂಖ್ಯೆ ಇದನ್ನು ಹೇಳುವುದಿಲ್ಲ. ಲೈಕ್ ಕೂಡ ಅಷ್ಟಕ್ಕಷ್ಟೆ. ತಿಂಗಳಿಗೊಮ್ಮೆ ನಾನು ನೋಡುವುದು ಇವನ್ನು: ಎಷ್ಟು ಮಂದಿ ಪೋಸ್ಟನ್ನು ಇನ್ನೊಬ್ಬರಿಗೆ ಕಳಿಸಿದರು, ಎಷ್ಟು ಮಂದಿ ಸೇವ್ ಮಾಡಿದರು, ನಾವು ಕೊಟ್ಟ ಉತ್ತರಕ್ಕೆ ಮರು ಉತ್ತರ ಎಷ್ಟು ಬಂತು, ದೂರಿಗೆ ಉತ್ತರಿಸಲು ಎಷ್ಟು ಗಂಟೆ ಹಿಡಿಯಿತು.

ಮೂರು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ನಿಮ್ಮ ಐದು ಉತ್ತರ, ಇದೇ ವ್ಯಾಪಾರದ ಬೇರೆ ಎರಡು ಬ್ರ್ಯಾಂಡ್‌ಗಳ ಐದೈದು ಉತ್ತರ, ಎಲ್ಲವನ್ನೂ ಹೆಸರು ತೆಗೆದು ಕಲಸಿ. ನಿಮ್ಮ ಹಳೆಯ ಗ್ರಾಹಕರಲ್ಲಿ ಮೂವರಿಗೆ ಕೊಟ್ಟು ‘ಇದರಲ್ಲಿ ನಮ್ಮದು ಯಾವುದು?’ ಎಂದು ಕೇಳಿ. ಮೊದಲ ಸಲ ಅವರಿಗೆ ತಿಳಿಯದಿದ್ದರೆ ಬೇಜಾರಾಗಬೇಡಿ. ಎರಡನೆಯ ಸಲ ಒಂದೆರಡು ಗುರುತಿಸುತ್ತಾರೆ, ಅವು ಯಾವುವೋ ಅವನ್ನು ಹಾಳೆಯ ಹತ್ತು ಉತ್ತರಗಳ ಪಟ್ಟಿಗೆ ಸೇರಿಸಿ, ಗುರುತು ಸಿಗದ ಹಳೆಯ ಉತ್ತರವೊಂದನ್ನು ತೆಗೆದುಹಾಕಿ. ‘ಹೇಗೆ ಗೊತ್ತಾಯ್ತು?’ ಎಂದೂ ಕೇಳಿ. ಅವರು ‘ನೀವು ಯಾವಾಗ್ಲೂ ಫೋಟೊ ಕಳಿಸಿ ಅಂತೀರಲ್ಲ’ ಎಂದರೆ, ಅದನ್ನು ಅವರ ಮಾತಿನಲ್ಲೇ ಮೊದಲ ಹಂತದ ಹಾಳೆಯ ಕೆಳಗೆ ಬರೆದುಕೊಳ್ಳಿ.